ಪದಚರ್ಚೆ: ಟ್ರಂಪೆಟ್, ಟ್ಯೂಬಾ ಎಲ್ಲವೂ ‘ಕಹಳೆ’ಯೇ?

ಮಾನ್ಯರೇ,

ಟ್ರಂಪೆಟ್, ಟ್ಯೂಬಾ ಮೊದಲಾದ ಪಾಶ್ಚಾತ್ಯ ಊದುವಾದ್ಯಗಳ ಕುರಿತ ಲೇಖನವನ್ನು ಕನ್ನಡಕ್ಕೆ ತರುವಾಗ ಅವನ್ನು ಏನೆಂದು ಕರೆಯಬೇಕೆಂದು ಕೇಳಿದ್ದೀರಿ; ನಾಳೆ ಸಂಜೆಯೊಳಗೆ ಆ ಅನುವಾದವು ಖಡೇಬಜಾರದ ಮುದ್ರಣಾಲಯ ಸೇರಬೇಕೆಂದು ಬರೆದಿದ್ದೀರಿ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳ ಇಡೀ ಗುಂಪಿಗೆ ‘ಹಿತ್ತಾಳೆ ವಾದ್ಯಗಳು’ ಎಂದರೆ ಸಾಕು. ಬಿಡಿ ವಾದ್ಯಗಳಿಗೆ ಟ್ರಂಪೆಟ್, ಹಾರ್ನ್, ಯುಫೋನಿಯಂ (ಚಿಕ್ಕ ಟ್ಯೂಬಾದಂಥದು), ಟ್ಯೂಬಾ (ಅತಿ ತಗ್ಗಿನ ಸ್ವರದ ದೊಡ್ಡ ವಾದ್ಯ) ಎಂಬ ಹೆಸರುಗಳನ್ನೇ ಉಳಿಸಿರಿ. ಕಠಿಣವಾದ ಸೋಲೋಗೆ (ಒಬ್ಬರೇ ನುಡಿಸುವ ಭಾಗಕ್ಕೆ) ಯಾವ ವಾದ್ಯವನ್ನು ಆರಿಸಬೇಕೆಂಬುದೇ ಲೇಖನದ ವಿಷಯವಾಗಿರುವಾಗ, ಎಲ್ಲವನ್ನೂ ‘ಕಹಳೆ’ ಎಂದರೆ ಓದುಗರಿಗೆ ಆಯ್ಕೆಯೇ ಕಾಣಿಸದು.

ಆ ಆಯ್ಕೆ ಎಷ್ಟು ಮುಖ್ಯವೆಂಬುದಕ್ಕೆ ಉದಾಹರಣೆ ನೋಡಿ. ರಷ್ಯದ ಸಂಗೀತಕಾರ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೋಗೆಂದು ಬರೆದ ‘ಪ್ರದರ್ಶನದ ಚಿತ್ರಗಳು’ ಕೃತಿಯನ್ನು 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದ ಫ್ರೆಂಚ್ ಸಂಗೀತಕಾರ ರಾವೆಲ್, ಎತ್ತಿನ ಬಂಡಿಯ ಭಾಗವಾದ ‘ಬಿಡ್ಲೊ’ವನ್ನು ಟ್ಯೂಬಾಕ್ಕೆ ಕೊಟ್ಟರು. (ಇಲ್ಲಿ ‘ಚಕ್ಕಡಿ’ ಎಂದು ಧಾರಾಳವಾಗಿ ಬರೆಯಿರಿ, ನಮ್ಮ ಭಾಗದ ಓದುಗರಿಗೆ ಅದರ ಗಾಲಿಯ ಸದ್ದೂ ಕೇಳಿಸುತ್ತದೆ.) ಅವರು ಬರೆದದ್ದು ಅಂದಿನ ಫ್ರಾನ್ಸಿನ ಚಿಕ್ಕ ಟ್ಯೂಬಾಕ್ಕೆ. ಇಂದಿನ ದೊಡ್ಡ ಟ್ಯೂಬಾಕ್ಕೆ ಆ ಸ್ವರಗಳು ಬಹಳ ಎತ್ತರದವಾದ್ದರಿಂದ, ಅನೇಕ ವೃಂದಗಳಲ್ಲಿ ಅದನ್ನು ಯುಫೋನಿಯಂನಲ್ಲಿ ನುಡಿಸುತ್ತಾರೆ. ಕೊಳವೆ ಉದ್ದವಾದಷ್ಟೂ ಅದರ ಸಹಜ ಸ್ವರಗಳು ಎತ್ತರದ ಸ್ಥಾಯಿಯಲ್ಲಿ ಒತ್ತೊತ್ತಾಗಿ ಬರುತ್ತವೆ, ತುಟಿಯ ಬಿಗಿ ಎಳ್ಳಷ್ಟು ತಪ್ಪಿದರೂ ಪಕ್ಕದ ಸ್ವರ ನುಡಿದುಬಿಡುತ್ತದೆ. ಜರ್ಮನ್ ಸಂಗೀತಕಾರ ಬಾಖರ (18ನೆಯ ಶತಮಾನ) ಎರಡನೆಯ ಬ್ರಾಂಡೆನ್‌ಬುರ್ಗ್ ಕಂಚೆರ್ಟೊಗೆ (ಸೋಲೋ ವಾದ್ಯಗಳೂ ವೃಂದವೂ ಸೇರಿ ನುಡಿಸುವ ಕೃತಿಗೆ) ಈಗ ಹೆಚ್ಚಾಗಿ ಸಾಮಾನ್ಯ ಟ್ರಂಪೆಟ್ಟಿನ ಅರ್ಧ ಉದ್ದದ ಪಿಕಲೋ ಟ್ರಂಪೆಟ್ಟನ್ನು ಹಿಡಿಯುವುದು ಈ ಕಾರಣದಿಂದಲೇ. ಆಸ್ಟ್ರಿಯದ ಸಂಗೀತಕಾರ ಮಾಲರ ಮೂರನೆಯ ಸಿಂಫನಿಯ ಪೋಸ್ಟ್‌ಹಾರ್ನ್ (ಅಂಚೆಗಾಡಿಯ ಕೊಂಬು) ಸೋಲೋಗೆ ಹಲವರು ಟ್ರಂಪೆಟ್ಟನ್ನು ಹೋಲುವ ಫ್ಲೂಗಲ್‌ಹಾರ್ನನ್ನು ಆರಿಸುವುದಾದರೋ ಅದರ ಮೃದುವಾದ ನಾದಕ್ಕಾಗಿ.

ಗುಂಪಿಗೆ ‘ಪಿತ್ತಲ ಸುಷಿರ’ (ಹಿತ್ತಾಳೆಯ ಊದುವಾದ್ಯ) ಎನ್ನೋಣವೆಂಬ ಸಲಹೆಯನ್ನು ನಾನು ಒಪ್ಪಲಾರೆ. ‘ಹಿತ್ತಾಳೆ’ಯು ‘ಪಿತ್ತಲ’ದ ತದ್ಭವ, ನಮ್ಮದಾದ ಶಬ್ದವನ್ನು ಮತ್ತೆ ಸಂಸ್ಕೃತಕ್ಕೆ ಒಯ್ಯುವ ಅಗತ್ಯವಿಲ್ಲ. ಸ್ಯಾಕ್ಸೊಫೋನೂ ಹಿತ್ತಾಳೆಯದೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು: ಅದರ ನಾದ ಹುಟ್ಟುವುದು ರೀಡಿನಿಂದ (ಬಾಯಿಗಿಡುವ ತೆಳು ಪಟ್ಟಿಯಿಂದ), ಈ ಗುಂಪಿನದು ತುಟಿಯ ಕಂಪನದಿಂದ. ಆದರೆ ‘ತುಟಿವಾದ್ಯ’ ಎಂದರೆ ಕೊಳಲೂ ಸನಾದಿಯೂ ಒಳಗೆ ಬಂದುಬಿಡುತ್ತವೆ. ಒಂದು ಅಡಿಟಿಪ್ಪಣಿ ಸಾಕು.

ಎರವಲು ಶಬ್ದವೇ ಬೇಡವೆನ್ನುವವರು ‘ಪಿಟೀಲು’ ಎಲ್ಲಿಂದ ಬಂದಿತೆಂದು ಯೋಚಿಸಲಿ. ಬೈಲಹೊಂಗಲದ ಮದುವೆ ಮೆರವಣಿಗೆಯಲ್ಲಿ ಊದುವ ಬ್ಯಾಂಡಿನವರು ಟ್ರಂಪೆಟ್ಟನ್ನು ಟ್ರಂಪೆಟ್ ಎಂದೇ ಕರೆಯುತ್ತಾರೆ. ಆ ಹೆಸರು ಅವರ ಬಾಯಲ್ಲಿ ಈಗಾಗಲೇ ಕನ್ನಡವಾಗಿದೆ. ‘ಕಹಳೆ’ಯನ್ನು ಬಳಸಲೇಬೇಕೆಂದಿದ್ದರೆ ಬಾಖರ ಕಾಲದ, ವಾಲ್ವ್‌ಗಳಿಲ್ಲದ (ಕೊಳವೆಯ ಉದ್ದ ಬದಲಿಸುವ ಗುಂಡಿಗಳಿಲ್ಲದ) ಉದ್ದನೆಯ ಟ್ರಂಪೆಟ್‌ಗೆ ಮಾತ್ರ ಬಳಸಿರಿ. ವಾಲ್ವ್ ಬಂದದ್ದು 19ನೆಯ ಶತಮಾನದಲ್ಲಿ. ಅದರ ನಂತರದ ವಾದ್ಯಕ್ಕೆ ಆ ಹೆಸರು ಸಲ್ಲದು.