ಅಜ್ಜಿಯ ಹಚ್ಚೆ ನನ್ನ ಕೈಗೂ ಬೇಕು: ಅಡಿಕೆ ಸುಲಿತದ ನಡುವೆ ಹಾಕಿಸಿಕೊಳ್ಳಬಹುದಾ?

ಮೇಗರವಳ್ಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ. ಹೋದ ವರ್ಷ ನಮ್ಮ ಅಜ್ಜಿ ತೀರಿಕೊಂಡರು. ಅವರ ಬಲ ಮುಂಗೈಯಲ್ಲಿ ಹಚ್ಚೆ ಇತ್ತು. ನಡುವೆ ತುಳಸಿಕಟ್ಟೆ, ಸುತ್ತ ಚುಕ್ಕಿ, ಕೆಳಗೆ ಒಂದು ಚೇಳು. ಸೊಪ್ಪಿನ ರಸಕ್ಕೆ ದೀಪದ ಕಪ್ಪು ಕಲಸಿ, ನೋವು ಮರೆಯಲಿ ಅಂತ ಹಾಡು ಹೇಳುತ್ತಾ ಚುಚ್ಚಿದ್ದರಂತೆ. ಚಿಕ್ಕವಳಿದ್ದಾಗ ಆ ಚುಕ್ಕಿಗಳನ್ನು ಎಣಿಸುತ್ತಾ ಅಜ್ಜಿ ಪಕ್ಕ ನಿದ್ದೆ ಹೋಗುತ್ತಿದ್ದೆ. ಒಟ್ಟು 17 ಚುಕ್ಕಿ.

ಅದನ್ನೇ ನನ್ನ ಕೈಗೂ ಹಾಕಿಸಿಕೊಳ್ಳಬೇಕು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮುಂದಿನ ಭಾನುವಾರಕ್ಕೆ ಹೇಳಿಟ್ಟಿದ್ದೇನೆ. ಆದರೆ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿದೆ. ಸಂಜೆಯಾದರೆ ಎಲ್ಲರೂ ಸುಲಿಯಲು ಕೂರುತ್ತೇವೆ. ಬೆಳಿಗ್ಗೆ ಬೇಯಿಸಿದ ಅಡಿಕೆ ಹರವುವ ಕೆಲಸ. ಮನೆಗೆ ಬರುವುದು ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು. ಎಳ್ಳಮಾವಾಸ್ಯೆ ಜಾತ್ರೆಗೆ ತುಂಗೆಯಲ್ಲಿ ಮುಳುಗು ಹಾಕುವುದೂ ಇದೆ. ಬದನೆಕಾಯಿ ತಿಂದರೆ ನಂಜಾಗುತ್ತೆ ಅಂತ ಅಮ್ಮ ಹೇಳುತ್ತಿದ್ದಾರೆ. ಹೋಗುವ ಮೊದಲು ಏನು ಮಾಡಬೇಕು, ಬಂದ ಮೇಲೆ ಹೇಗೆ ನೋಡಿಕೊಳ್ಳಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸನಗರದ ಅಕ್ಕ

ತಂಗಿ, ಚುಚ್ಚುವುದು ಎರಡು ಗಂಟೆಯ ಕೆಲಸ. ಗಾಯ ಇರುವುದು ಮೂರು ವಾರ. ಆ ಮೂರು ವಾರ ನಿನ್ನ ಕೈ ಏನು ಮಾಡುತ್ತಿರುತ್ತದೆ ಅನ್ನುವುದನ್ನು ಮೊದಲು ನೋಡು. ನಾನು ಅದನ್ನು ನೋಡಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ನವಿಲಿನ ಹಚ್ಚೆ ಹಾಕಿಸಿಕೊಂಡಿದ್ದು ಆಷಾಢದಲ್ಲಿ. ಗದ್ದೆ ನಟ್ಟಿ ಮುಗಿದಿತ್ತು, ಕೈ ಖಾಲಿ ಇತ್ತು, ಹೋದೆ. ನಮ್ಮ ಕಡೆ ಆಷಾಢದ ಮಳೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಒಲೆ ಮೇಲಿನ ಹಗ್ಗದಲ್ಲಿ ಅರ್ಧ ಒಣಗಿದ, ಮುಗ್ಗಲು ವಾಸನೆಯ ಟವೆಲ್‌ನಲ್ಲೇ ಕೈ ಒರೆಸಿದೆ. ರೇನ್‌ಕೋಟಿನ ತೋಳು ದಿನವೂ ಉಜ್ಜುತ್ತಿತ್ತು. ಕೊಟ್ಟಿಗೆ ಕೆಲಸವನ್ನೂ ಬಿಡಲಿಲ್ಲ. ಚುಚ್ಚಿದವರು "ಕ್ರೀಮ್ ಹಚ್ಚಿ" ಅಂದಿದ್ದರು, ಅಷ್ಟೇ. ದಪ್ಪಗೆ ಹಚ್ಚಿದರೆ ಬೇಗ ವಾಸಿಯಾಗುತ್ತದೆ ಅಂದುಕೊಂಡೆ. ಅದರ ಮೇಲೆ ಅರಿಶಿನ ಬೇರೆ. ಐದನೇ ದಿನಕ್ಕೆ ಸುತ್ತಲೂ ಕೆಂಪಗೆ ಬಿಸಿಯಾಯಿತು. ಆರನೇ ದಿನ ಕೀವು. ಡಾಕ್ಟರು ಒಂದು ವಾರ ಮಾತ್ರೆ ಕೊಟ್ಟರು. ವಾಸಿಯಾಯಿತು, ಆದರೆ ನವಿಲಿನ ಕತ್ತಿನ ಹತ್ತಿರ ಕಾಳಿನಷ್ಟು ಜಾಗದಲ್ಲಿ ಬಣ್ಣ ಉದುರಿಹೋಯಿತು. ಮತ್ತೆ ತುಂಬಿಸಿಕೊಳ್ಳಲು ಚರ್ಮ ಪೂರ್ತಿ ಗಟ್ಟಿಯಾಗುವವರೆಗೆ ಎರಡು ತಿಂಗಳು ಕಾದೆ.

ತಂಗಿ ಮಗಳಿಗೆ ಮುಂದಿನ ವರ್ಷ ಮಾಘದಲ್ಲಿ ಹಾಕಿಸಿದೆವು. ಅವಳ ಕೈಯನ್ನು ನಾನೇ ನೋಡಿಕೊಂಡೆ. ಮಾಡಿದ್ದನ್ನು ಹೇಳುತ್ತೇನೆ. ಕೈ ತೊಳೆಯದೆ ಆ ಜಾಗ ಮುಟ್ಟಲಿಲ್ಲ. ದಿನಕ್ಕೆ ಎರಡು ಸಲ, ಕುದಿಸಿ ಆರಿಸಿದ ಅಬ್ಬಿ ನೀರು, ವಾಸನೆ ಇಲ್ಲದ ಸೋಪು. ಅಬ್ಬಿ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಮೇಲಿನಿಂದ ಎಲೆ, ಮಣ್ಣು, ದನದ ಹೆಜ್ಜೆ ಎಲ್ಲ ದಾಟಿ ಬಂದಿರುತ್ತದೆ. ಹಂಡೆಯ ಬಿಸಿನೀರು ಸಾಕು ಅಂತ ಬಿಡಬೇಡ, ಅದು ಕುದಿದಿರುವುದಿಲ್ಲ. ಟವೆಲ್ ಬದಲು ಟಿಶ್ಯೂ ಕಾಗದ. ಉಜ್ಜುವುದಲ್ಲ, ಒತ್ತಿ ತೆಗೆಯುವುದು. ಮೊದಲ ಎರಡು ಮೂರು ದಿನ ನೀರಿನಂತೆ ಒಸರುತ್ತದೆ, ಬಣ್ಣವೂ ಸ್ವಲ್ಪ ಬರುತ್ತದೆ, ಹೆದರಬೇಡ. ಆಮೇಲೆ ಅವರು ಹೇಳಿದ ಮುಲಾಮು, ಚರ್ಮ ಹೊಳೆಯುವಷ್ಟು ಮಾತ್ರ. ನಾಲ್ಕೈದು ದಿನಕ್ಕೆ ಹಾವಿನ ಪೊರೆಯ ಹಾಗೆ ಸಿಪ್ಪೆ ಏಳುತ್ತದೆ. ವಿಪರೀತ ತುರಿಕೆ. ಕೆರೆಯಬಾರದು, ಕೀಳಬಾರದು. ತುರಿಕೆ ತಡೆಯದಿದ್ದರೆ ಅಂಗೈಯಲ್ಲಿ ಮೆಲ್ಲಗೆ ತಟ್ಟು.

ಇನ್ನು ನಿನ್ನ ಅಡಿಕೆ. ಸುಲಿಯುವಾಗ ಕರೆ ಮುಂಗೈವರೆಗೂ ಹತ್ತುತ್ತದೆ ಅಲ್ವಾ? ಬೇಯಿಸಿದ ಅಡಿಕೆ ತೆಗೆಯುವಾಗ ಅದು ಬೆಂದ ನೀರು, ಚೊಗರು, ಸಿಡಿಯುತ್ತದೆ. ಹರವುವಾಗ ಎಳೆಬಿಸಿಲು ಅಂದುಕೊಂಡರೂ ಹನ್ನೊಂದಕ್ಕೆಲ್ಲ ಕೈ ಸುಡುತ್ತದೆ. ಹಸಿ ಹಚ್ಚೆಗೆ ಈ ಮೂರೂ ಬೇಡ. ಪ್ಲಾಸ್ಟಿಕ್ ಸುತ್ತಿಕೊಂಡು ಸುಲಿಯುತ್ತೇನೆ ಅಂತ ಮಾತ್ರ ಹೋಗಬೇಡ, ಒಳಗೆ ಬೆವರಿ ಇನ್ನೂ ಕೆಡುತ್ತದೆ. ನನ್ನ ಮಾತು ಕೇಳುವುದಾದರೆ ಸುಲಿತ ಮುಗಿಯಲಿ, ಜಾತ್ರೆಯ ಮುಳುಗೂ ಆಗಲಿ. ಗಾಯ ಪೂರ್ತಿ ಮಾಯುವವರೆಗೆ ಹೊಳೆ, ಕೆರೆ, ಗಾಜನೂರು ಅಣೆಕಟ್ಟಿನ ನೀರು ಯಾವುದಕ್ಕೂ ಇಳಿಯುವ ಹಾಗಿಲ್ಲ.

ಸೂಜಿ ಕೆಲಸದವ

ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುತ್ತೇನೆ. ಅಕ್ಕ ಹೇಳಿದ್ದು ಸರಿ.

ಬರುವ ದಿನ ಹೊಟ್ಟೆ ತುಂಬಾ ತಿಂಡಿ ತಿಂದು ಬನ್ನಿ. ಮೇಗರವಳ್ಳಿಯಿಂದ ಬೆಳಗಿನ ಬಸ್ಸಿಗೆ ಬರೀ ಕಾಫಿ ಕುಡಿದು ಬಂದು, ಕುರ್ಚಿಯಲ್ಲಿ ತಲೆಸುತ್ತಿ ಬೀಳುವವರನ್ನು ತುಂಬಾ ನೋಡಿದ್ದೇನೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ನೀರು ಜಾಸ್ತಿ ಕುಡಿಯಿರಿ. ಹಿಂದಿನ ದಿನದಿಂದ ಮದ್ಯ ಬೇಡ, ರಕ್ತ ಜಾಸ್ತಿ ಬಂದು ಬಣ್ಣ ಕೂರುವುದಿಲ್ಲ. ಕೂದಲು ನೀವೇ ಬೋಳಿಸಬೇಡಿ, ನಾವು ಹೊಸ ಬ್ಲೇಡಿನಲ್ಲಿ ತೆಗೆಯುತ್ತೇವೆ. ತೋಳು ಸಡಿಲ ಇರುವ ಬಟ್ಟೆ ಹಾಕಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಬಣ್ಣ ಹೊಸ ಪುಟ್ಟ ಬಟ್ಟಲಿಗೆ ಹಾಕಬೇಕು, ಗ್ಲೌಸ್ ಹೊಸದಿರಬೇಕು. ಕೇಳಲು ಸಂಕೋಚ ಬೇಡ. ಕೇಳಿದರೆ ಮುಖ ಗಂಟಿಕ್ಕುವವರ ಹತ್ತಿರ ಕೂರಲೇಬೇಡಿ.

ಇನ್ನೊಂದು ಮಾತು. ಅಜ್ಜಿಯ ಕೈಯ ಫೋಟೋ ತಂದರೆ ಅದರಲ್ಲಿರುವ ಗೆರೆಯ ದಪ್ಪವನ್ನೇ ಹಾಕಿ ಅನ್ನಬೇಡಿ. ಬಣ್ಣ ಕೂರುವುದು ಮೇಲ್ಚರ್ಮದ ಕೆಳಗಿನ ಪದರದಲ್ಲಿ. ವರ್ಷ ಕಳೆದಂತೆ ಅಲ್ಲೇ ಮೆಲ್ಲಗೆ ಹರಡುತ್ತದೆ. ಫೋಟೋದಲ್ಲಿ ಇರುವುದು ಹತ್ತಾರು ವರ್ಷ ಹರಡಿದ ಹಚ್ಚೆ. ಅಜ್ಜಿ ಹುಡುಗಿಯಾಗಿದ್ದಾಗ ಅದು ಸಣ್ಣ ಗೆರೆ, ಸಣ್ಣ ಚುಕ್ಕಿಯೇ ಇದ್ದಿರುತ್ತದೆ. ಅದನ್ನೇ ಹಾಕೋಣ, ಚುಕ್ಕಿಗಳ ನಡುವೆ ಜಾಗ ಬಿಟ್ಟು. ಹಸಿರು ಬಣ್ಣ ಕೇಳುವ ಅಗತ್ಯವೂ ಇಲ್ಲ. ಕಪ್ಪೇ ಚರ್ಮದೊಳಗಿಂದ ನೋಡಿದಾಗ ಹಾಗೆ ಕಾಣುತ್ತದೆ.

ನರ್ಸಮ್ಮ

ಬದನೆಕಾಯಿ ವಿಷಯ: ಅಮ್ಮನ ಸಮಾಧಾನಕ್ಕೆ ಮೂರು ವಾರ ಬಿಟ್ಟರೆ ನಷ್ಟವೇನಿಲ್ಲ. ಆದರೆ ಕೀವು ಮಾಡುವುದು ಕೊಳೆ ಕೈ, ಕೊಳೆ ನೀರು, ಕೊಳೆ ಸೂಜಿ. ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ, ಗಾಯವಾದರೆ ಗಂಟು ಬೆಳೆಯುವ ಚರ್ಮ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಕೈ ಮೇಲೆ ಕೆಂಪು ಗೆರೆ ಏರುತ್ತಿದ್ದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಸೋಮವಾರ ನೋಡೋಣ ಅಂತ ಕಾಯಬೇಡಿ. ನೀವು ರಕ್ತದಾನ ಮಾಡುವವರಾದರೆ, ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ಕೊಡುವಂತಿಲ್ಲ.

ಮೇಗರವಳ್ಳಿ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕಾ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ ಅವರೇ, "ಮಾಘದಲ್ಲಿ ಹೋಗು, ಆ ಮೂರು ವಾರ ಕೊಟ್ಟಿಗೆ ನಾನು ನೋಡ್ತೀನಿ" ಅಂದರು. ಫೋನ್ ಮಾಡಿ ದಿನ ಬದಲಾಯಿಸಿದೆ, ಜಾತ್ರೆ ಕಳೆದು ಮಾಘದ ಎರಡನೇ ಭಾನುವಾರಕ್ಕೆ.

ಅಣ್ಣಾ, ಗೆರೆ ಹರಡುವ ಮಾತು ಓದಿದ ಮೇಲೆ ಹಳೆ ಟ್ರಂಕು ತೆಗೆದು ಹುಡುಕಿದೆವು. ಅಜ್ಜಿಯ ಮದುವೆಯ ಕಪ್ಪು ಬಿಳುಪು ಫೋಟೋ ಒಂದು ಸಿಕ್ಕಿತು. ಕೈ ಸ್ವಲ್ಪವೇ ಕಾಣುತ್ತದೆ. ತುಳಸಿಕಟ್ಟೆಗೆ ಎರಡು ಮೆಟ್ಟಿಲು ಇವೆ. ನಾನು ನೋಡುವ ಹೊತ್ತಿಗೆ ಅವೆರಡೂ ಕೂಡಿ ಒಂದೇ ಆಗಿದ್ದವು. ನನಗೆ ಎರಡು ಮೆಟ್ಟಿಲಿನದೇ ಬೇಕು.