ಕಾರ್-ಟಿ ಕೋಶ ಚಿಕಿತ್ಸೆ: ರಕ್ತಕ್ಯಾನ್ಸರ್ ತಜ್ಞರೊಂದಿಗೆ ಪ್ರಶ್ನೋತ್ತರ

ರೋಗಿಯ ಮಗಳು: ಲಿಂಫೋಮಾ ಎಂಬ ರಕ್ತಕ್ಯಾನ್ಸರ್ ಇರುವ ನಮ್ಮ ತಂದೆಗೆ ಕಾರ್-ಟಿ ಕೋಶಗಳನ್ನು ಕೊಟ್ಟು ಒಂದು ವಾರ ಕಳೆದಿದೆ. ಜ್ವರ ಇಳಿದ ಮೇಲೆ ಮನೆಗೆ ಕಳುಹಿಸಿದರು. ಇಂದು ಸಹಿ ಹಾಕುವಾಗ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಕನ್ನಡಕ ತೋರಿಸಿ ‘ಅದು, ಅದು’ ಎನ್ನುತ್ತಾರೆ, ಹೆಸರು ಬಾಯಿಗೆ ಬರುತ್ತಿಲ್ಲ. ನಿದ್ದೆಗೆಟ್ಟ ಆಯಾಸವಿರಬಹುದೇ?

ತಜ್ಞರು: ಆಯಾಸವೆಂದು ಕಾಯಬೇಡಿ. ಮುಂದಿನದನ್ನು ಓದುವ ಮುನ್ನವೇ ಚಿಕಿತ್ಸೆ ಕೊಟ್ಟ ತಂಡಕ್ಕೆ ಕರೆ ಮಾಡಿ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ರೋಗಿಯದೇ ಟಿ ಕೋಶಗಳಿಗೆ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೆ) ಹೊಸ ಜೀನ್ ಸೇರಿಸಿ, ಸಿಡಿ19 ಎಂಬ ಗುರುತು ಹೊತ್ತ ಬಿ ಕೋಶಗಳನ್ನು (ಈ ಕ್ಯಾನ್ಸರ್ ಹುಟ್ಟುವ ಬಿಳಿ ರಕ್ತಕಣಗಳನ್ನು) ಹುಡುಕಿ ಕೊಲ್ಲುವಂತೆ ಮಾಡಿ ಮರಳಿ ಕೊಟ್ಟಾಗ, ಅವು ದೇಹದೊಳಗೆ ವೃದ್ಧಿಯಾಗುತ್ತ, ಉರಿಯೂತ ಕೆರಳಿಸುವ ರಾಸಾಯನಿಕಗಳಾದ ಸೈಟೊಕೈನ್‌ಗಳನ್ನು ಉಕ್ಕಿಸುತ್ತವೆ; ಮೊದಲು ಜ್ವರ ಬರುತ್ತದೆ, ಕೆಲವರಲ್ಲಿ ರಕ್ತದೊತ್ತಡವೂ ಆಮ್ಲಜನಕವೂ ಕುಸಿಯುತ್ತವೆ. ನರಮಂಡಲದ ತೊಂದರೆ ಅನೇಕ ವೇಳೆ ಅದರ ಬೆನ್ನಿಗೇ, ಜ್ವರ ಬಿಟ್ಟ ಮೇಲೂ ಕಾಣಿಸಿಕೊಳ್ಳುತ್ತದೆ. ವಾರ್ಡಿನಲ್ಲಿ ದಿನವೂ ಒಂದು ವಾಕ್ಯ ಬರೆಸಿ, ವಸ್ತುಗಳ ಹೆಸರು ಹೇಳಿಸಿ, ನೂರರಿಂದ ಹತ್ತತ್ತು ಇಳಿಸಿ ಎಣಿಸಲು ಹೇಳುವುದು ಇದಕ್ಕಾಗಿಯೇ. ನೀವು ವಿವರಿಸಿದ ಎರಡು ಲಕ್ಷಣಗಳೂ ಆ ಪರೀಕ್ಷೆಯಲ್ಲಿವೆ. ಜ್ವರಕ್ಕೆ ಟೊಸಿಲಿಜುಮ್ಯಾಬ್ ಎಂಬ ಔಷಧ ಕೊಟ್ಟಿದ್ದರೂ ಮಿದುಳಿನ ಲಕ್ಷಣಗಳಿಗೆ ಅದನ್ನು ನೆಚ್ಚಿಕೊಳ್ಳಲಾಗದು. ಸ್ಟೀರಾಯ್ಡ್ ಬೇಕಾಗಬಹುದು, ಅದರ ಪ್ರಮಾಣವನ್ನು ಆ ತಂಡವೇ ನಿರ್ಧರಿಸಬೇಕು. ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಆದರೆ ಸೆಳವು ಅಥವಾ ಮಿದುಳಿನ ಊತಕ್ಕೆ ತಿರುಗಿದರೆ ಲೆಕ್ಕ ಗಂಟೆಗಳದ್ದು.

ಸದಸ್ಯೆ: ಸ್ತನ ಕ್ಯಾನ್ಸರಿಗೆ ಈ ಚಿಕಿತ್ಸೆ ಆಗುತ್ತದೆಯೇ?

ತಜ್ಞರು: ಸದ್ಯ ಪ್ರಯೋಗಗಳಲ್ಲಿ ಮಾತ್ರ.

ಇನ್ನೊಬ್ಬ ಸದಸ್ಯರು: ಶ್ವಾಸಕೋಶದ ಕ್ಯಾನ್ಸರಿಗೆ?

ತಜ್ಞರು: ಮೇಲಿನ ಉತ್ತರವನ್ನೇ ಓದಿಕೊಳ್ಳಿ.

ರೋಗಿಯ ಅಣ್ಣ: ತಮ್ಮನಿಗೆ ಚಿಕಿತ್ಸೆಯಾದ ಮೇಲೆ ಬಿ ಕೋಶಗಳೇ ಕಾಣುತ್ತಿಲ್ಲ, ಪದೇ ಪದೇ ಸೋಂಕು. ಇಮ್ಯುನೊಗ್ಲಾಬ್ಯುಲಿನ್ (ಹೊರಗಿನಿಂದ ಕೊಡುವ ಪ್ರತಿಕಾಯಗಳು) ಎಷ್ಟು ಕಾಲ ಬೇಕಾಗಬಹುದು?

ಹಿರಿಯ ಸದಸ್ಯರು: ರೋಗನಿರೋಧಕ ಶಕ್ತಿ ಹೆಚ್ಚಿಸುವ ಗಿಡಮೂಲಿಕೆ ಪುಡಿಯ ಸಂದೇಶವೊಂದು ಬಂದಿದೆ, ಹಂಚಿಕೊಂಡಿದ್ದೇನೆ. ಇದೂ ರೋಗನಿರೋಧಕ ಚಿಕಿತ್ಸೆಯೇ ತಾನೇ?

ತಜ್ಞರು: ಅಲ್ಲ. ಕಾರ್-ಟಿ ಕೋಶಗಳು ಅತಿಯಾಗಿ ಕೆರಳಿ ರೋಗಿ ಸಾಯದಂತೆ ನಾವು ಹೆಣಗುತ್ತಿರುವಾಗ, ಒಳಗೇನಿದೆಯೆಂದು ಗೊತ್ತಿಲ್ಲದ ಪುಡಿಯನ್ನು ಕೊಡಿಸುವುದು ಯಾವ ಜಾಣತನ? ಯಕೃತ್ತು ಕೆಟ್ಟರೆ ಆ ಸಂದೇಶ ಬರೆದವರು ಬಂದು ನೋಡಿಕೊಳ್ಳುವುದಿಲ್ಲ. ದಯವಿಟ್ಟು ಅದನ್ನು ಅಳಿಸಿ.

ಹಿರಿಯ ಸದಸ್ಯರು: ನಿಮ್ಮ ಚಿಕಿತ್ಸೆಯೇ ಕ್ಯಾನ್ಸರ್ ತರುತ್ತದೆಂದು ಅಮೆರಿಕದವರು ಎಚ್ಚರಿಸಿದ್ದಾರಲ್ಲ, ಅದನ್ನೇಕೆ ಮುಚ್ಚಿಡುತ್ತೀರಿ?

ಸದಸ್ಯೆ: ಅರ್ಧ ಓದಿ ಬಂದವರು ಹೀಗೆಯೇ ಮಾತಾಡುವುದು.

ಹಿರಿಯ ಸದಸ್ಯರು: ನೀವು ಪೂರ್ತಿ ಓದಿದವರೋ? ವಯಸ್ಸಿಗಾದರೂ ಬೆಲೆ ಕೊಡಿ.

ಸದಸ್ಯೆ: ವಯಸ್ಸಾದವರ ಪುಡಿಗೂ ಬೆಲೆ ಕೊಡಬೇಕೇ?

ತಜ್ಞರು: ಎಚ್ಚರಿಕೆ ನಿಜ. ಟಿ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರಿನ ಬಗ್ಗೆ ಔಷಧದ ವಿವರಪತ್ರದಲ್ಲಿ ಸೂಚನೆ ಸೇರಿಸುವಂತೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜನವರಿಯಲ್ಲಿ ಹೇಳಿತು. ಅಂಥ ಪ್ರಕರಣಗಳು ವಿರಳ, ಆದರೂ ರೋಗಿಯನ್ನು ಜೀವನಪರ್ಯಂತ ಗಮನಿಸುತ್ತಿರಬೇಕು. ಯಾರೂ ಮುಚ್ಚಿಟ್ಟಿಲ್ಲ. ಬೇರೆ ಔಷಧಗಳು ಸೋತವರಲ್ಲಿ ಅನೇಕರ ಲಾಭ ಈ ಅಪಾಯಕ್ಕಿಂತ ಹೆಚ್ಚೆಂಬುದನ್ನೂ ಅದೇ ಸಂಸ್ಥೆ ಹೇಳಿದೆ, ಆ ಭಾಗ ಮಾತ್ರ ನಿಮ್ಮ ಸಂದೇಶದಲ್ಲಿ ಬಂದಿಲ್ಲ.

ಹೊಸ ಸದಸ್ಯರು: ಶ್ವಾಸಕೋಶದ ಕ್ಯಾನ್ಸರಿಗೆ ಇದನ್ನು ಕೊಡಬಹುದೇ, ಡಾಕ್ಟರೇ?

ತಜ್ಞರು: ಮೇಲೆ ನೋಡಿ.

ರೋಗಿಯ ಅಣ್ಣ: ಇಮ್ಯುನೊಗ್ಲಾಬ್ಯುಲಿನ್ ಬಗ್ಗೆ ಕೇಳಿದ್ದೆ.

ಹಿರಿಯ ಸದಸ್ಯರು: ಇಲ್ಲಿ ಕೇಳಿ ಪ್ರಯೋಜನವಿಲ್ಲ, ಬೈಸಿಕೊಳ್ಳುತ್ತೀರಿ.