ಇಂಗ್ಲಿಷ್ ಪುನರಾವರ್ತನೆಗೆ ‘ಬಿಟ್ಟ ಸ್ಥಳ ತುಂಬಿ’ ಅಭ್ಯಾಸ: ಯಾವ ಪದವನ್ನು ಬಿಡಬೇಕು?

ಪ್ರಶ್ನೆ – ಸಂಜೆತರಗತಿ

ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಒಂದು ಸಣ್ಣ ತರಗತಿಯನ್ನು ನಡೆಸುತ್ತಿದ್ದೇನೆ. ನಾಲ್ಕು ವಾರಗಳ ಪಾಠ ಮುಗಿದಾಗಲೆಲ್ಲ ಪುನರಾವರ್ತನೆಗಾಗಿ ‘ಬಿಟ್ಟ ಸ್ಥಳ ತುಂಬಿ’ ಹಾಳೆಯೊಂದನ್ನು ನಾನೇ ತಯಾರಿಸುತ್ತೇನೆ. ಪಾಠದಲ್ಲಿ ಓದಿದ ಒಂದು ಗದ್ಯಭಾಗವನ್ನು ತೆಗೆದುಕೊಂಡು, ಪ್ರತಿ ಏಳನೆಯ ಪದವನ್ನು ಅಳಿಸಿ, ಅಳಿಸಿದ ಪದಗಳನ್ನು ಮೇಲೆ ಒಂದು ಚೌಕದಲ್ಲಿ ಕ್ರಮತಪ್ಪಿಸಿ ಕೊಡುವುದು ಇದುವರೆಗಿನ ನನ್ನ ಪದ್ಧತಿ.

ಚೌಕವನ್ನು ಕೊಟ್ಟಾಗ ಬಹುತೇಕ ಎಲ್ಲರೂ ಪೂರ್ಣ ಅಂಕ ಪಡೆಯುತ್ತಾರೆ, ಆದರೆ ಮರುದಿನ ಮಾತನಾಡುವಾಗ ಅದೇ ಪದ ಅವರ ಬಾಯಿಗೆ ಬರುವುದಿಲ್ಲ. ಚೌಕವನ್ನು ತೆಗೆದಾಗ ನಾನು ನಿರೀಕ್ಷಿಸದ, ಆದರೆ ತಪ್ಪೆಂದೂ ಹೇಳಲಾಗದ ಉತ್ತರಗಳು ಬರುತ್ತವೆ. ಕಳೆದ ಸಲ ‘ಶಿ ____ ಟು ದಿ ಆಫೀಸ್’ ಎಂಬ ವಾಕ್ಯಕ್ಕೆ ನನ್ನ ಕೀ ಉತ್ತರದಲ್ಲಿ ‘ವೆಂಟ್’ ಎಂದಿತ್ತು. ‘ಕೇಮ್’, ‘ವಾಕ್ಡ್’, ‘ಡ್ರೋವ್’, ‘ರಿಟರ್ನ್ಡ್’ ಎಂದು ಬರೆದವರಿಗೆ ಅಂಕ ಕೊಡಬೇಕೇ ಬೇಡವೇ ಎಂಬ ವಾದದಲ್ಲಿಯೇ ಅರ್ಧ ತರಗತಿ ಕಳೆದುಹೋಯಿತು. ಪದಗಳನ್ನು ಯಾವ ಆಧಾರದ ಮೇಲೆ ಬಿಡಬೇಕು, ಚೌಕ ಇರಬೇಕೇ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಹಳೆಯ ಬೋಧಕ

ಇಷ್ಟನೆಯ ಪದ ಎಂದು ಎಣಿಸಿ ಅಳಿಸುವ ಕ್ರಮ ಪುನರಾವರ್ತನೆಗಾಗಿ ಹುಟ್ಟಿದ್ದಲ್ಲ. 1953ರಲ್ಲಿ ವಿಲ್ಸನ್ ಟೇಲರ್ ಅವರು ಇದನ್ನು ‘ಕ್ಲೋಜ್’ ವಿಧಾನವೆಂದು ಮುಂದಿಟ್ಟಾಗ ಅವರಿಗೆ ಬೇಕಾಗಿದ್ದುದು ಒಂದು ಬರಹ ಓದುಗರಿಗೆ ಎಷ್ಟು ಸುಲಭ ಅಥವಾ ಎಷ್ಟು ಕಷ್ಟ ಎಂಬುದರ ಅಳತೆ. ಅಂಥ ಅಳತೆ ನಿಷ್ಪಕ್ಷಪಾತವಾಗಿರಬೇಕಾದರೆ ಯಾವ ಪದ ಹೋಗಬೇಕೆಂಬುದನ್ನು ಅಳೆಯುವವನು ಆರಿಸಬಾರದು, ಎಣಿಕೆಯೇ ಆರಿಸಬೇಕು. ನಿಮ್ಮ ಅಗತ್ಯ ಇದಕ್ಕೆ ತದ್ವಿರುದ್ಧವಾದದ್ದು: ನಾಲ್ಕು ವಾರ ಏನನ್ನು ಕಲಿಸಿದಿರೋ ಅದು ನೆನಪಿನಿಂದ ಮೇಲೆದ್ದು ಬರಬೇಕು. ಎಣಿಕೆಗೆ ಒಪ್ಪಿಸಿಬಿಟ್ಟರೆ ಒಂದು ಸಲ ಊರಿನ ಹೆಸರು ಹೋಗುತ್ತದೆ, ಇನ್ನೊಂದು ಸಲ ‘ಅಂಡ್’ ಹೋಗುತ್ತದೆ. ನೀವು ಕಷ್ಟಪಟ್ಟು ಕಲಿಸಿದ ಕ್ರಿಯಾರೂಪ ಮಾತ್ರ ಅಳಿಯದೆ ಹಾಗೆಯೇ ಉಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಅಳಿಸುವ ಪದಕ್ಕಿಂತ ಉಳಿಸುವ ಪದಗಳ ಮೇಲೆಯೇ ಹೆಚ್ಚು ಶ್ರಮ ಹಾಕಬೇಕು, ಏಕೆಂದರೆ ಉತ್ತರವನ್ನು ಒಂದೇ ಕಡೆಗೆ ತಳ್ಳುವುದು ಸುತ್ತಲಿನ ಪದಗಳು. ನಿಮ್ಮ ವಾಕ್ಯವನ್ನೇ ನೋಡಿ. ಅದರಲ್ಲಿ ಕಾಲವನ್ನು ಸೂಚಿಸುವ ಪದವಿಲ್ಲ, ಹೋದ ಬಗೆಯ ಸುಳಿವಿಲ್ಲ, ಹೀಗಾಗಿ ಹತ್ತು ಕ್ರಿಯಾಪದಗಳು ಅಲ್ಲಿ ನ್ಯಾಯವಾಗಿಯೇ ಕೂರುತ್ತವೆ, ತಪ್ಪು ಕಲಿಯುವವರದಲ್ಲ. ಇದರ ಬದಲು ‘ಐ ಹ್ಯಾವ್ ಲಿವ್ಡ್ ಹಿಯರ್ ____ 2015’ ಎಂಬ ವಾಕ್ಯದಲ್ಲಿ ‘ಹ್ಯಾವ್ ಲಿವ್ಡ್’ ಮತ್ತು ಇಸವಿ ಎರಡೂ ಸೇರಿ ‘ಸಿನ್ಸ್’ ಅನ್ನು ಬಿಟ್ಟು ಬೇರೆ ದಾರಿಯನ್ನೇ ಕೊಡುವುದಿಲ್ಲ. ಇಸವಿಯ ಜಾಗದಲ್ಲಿ ‘ಟೆನ್ ಇಯರ್ಸ್’ ಎಂದಿಟ್ಟರೆ ‘ಫಾರ್’ ಬರಬೇಕಾಗುತ್ತದೆ. ಈ ಎರಡನ್ನೂ ಒಂದೇ ಹಾಳೆಯಲ್ಲಿ ದೂರದೂರ ಇಟ್ಟಾಗ ಕಲಿಯುವವರಿಗೆ ವ್ಯತ್ಯಾಸ ನಿಜವಾಗಿ ತಿಳಿದಿದೆಯೇ ಎಂಬುದು ಹೊರಬೀಳುತ್ತದೆ.

ಚೌಕದ ವಿಷಯ. ಎಂಟು ಸ್ಥಳಕ್ಕೆ ಎಂಟೇ ಪದಗಳನ್ನು ಕೊಟ್ಟರೆ ಕೊನೆಯ ಎರಡು ಮೂರು ಉತ್ತರಗಳು ಕಳೆಯುವ ಲೆಕ್ಕದಿಂದಲೇ ಸಿಗುತ್ತವೆ, ಭಾಷೆ ಅಲ್ಲಿ ಕೆಲಸ ಮಾಡುವುದೇ ಇಲ್ಲ. ಹನ್ನೊಂದು ಪದಗಳನ್ನು ಕೊಡಿ. ಅದಕ್ಕಿಂತ ಮುಖ್ಯವಾಗಿ, ಚೌಕದ ಪದಗಳೆಲ್ಲ ಒಂದೇ ವ್ಯಾಕರಣ ವರ್ಗಕ್ಕೆ ಸೇರಿರಲಿ. ಒಂದು ನಾಮಪದ, ಒಂದು ಕ್ರಿಯಾಪದ, ಒಂದು ವಿಶೇಷಣ ಎಂದು ಬೆರೆಸಿಟ್ಟರೆ ಅರ್ಥವನ್ನು ತಿಳಿಯದವರೂ ಆಕಾರ ನೋಡಿಯೇ ತುಂಬಿಬಿಡುತ್ತಾರೆ. ಚೌಕವೇ ಬೇಡವೆಂದಾದರೆ ಮೊದಲ ಅಕ್ಷರವನ್ನಷ್ಟೇ ಕೊಡಬಹುದು: ಇದು ಅನಪೇಕ್ಷಿತ ಪರ್ಯಾಯಗಳನ್ನು ಬಹುಮಟ್ಟಿಗೆ ಕತ್ತರಿಸುತ್ತದೆ, ಆದರೂ ಪದವನ್ನು ನೆನಪಿನಿಂದಲೇ ತೆಗೆಯಬೇಕಾಗುತ್ತದೆ.

ಮೊದಲ ವಾಕ್ಯವನ್ನು ಇಡಿಯಾಗಿ ಉಳಿಸಿ, ಸಂದರ್ಭ ನೆಲೆಯೂರಲಿ. ಹಾಳೆ ಸಿದ್ಧವಾದ ಮೇಲೆ ಕೀ ಉತ್ತರವನ್ನು ತೋರಿಸದೆ ಸಹೋದ್ಯೋಗಿಯೊಬ್ಬರಿಂದ ಒಮ್ಮೆ ತುಂಬಿಸಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ನಿಮ್ಮ ವಾಕ್ಯ ದುರ್ಬಲವಾಗಿದೆ.

ಉತ್ತರ 2 – ಪದಜೋಡಿ

ಹಿಂದಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಒಂದು ಮಾತನ್ನು ಬಿಟ್ಟು. ಪ್ರತಿ ಸ್ಥಳಕ್ಕೂ ಒಂದೇ ಉತ್ತರವಿರಬೇಕೆಂಬುದು ಅಂಕ ಕೊಡುವ ಪರೀಕ್ಷೆಗೆ ಸರಿ. ಪುನರಾವರ್ತನೆಯಲ್ಲಿ ಅಷ್ಟು ಬಿಗಿ ಬೇಕಿಲ್ಲ. ‘ವಾಕ್ಡ್’ ಬರೆದವರು ಮತ್ತು ‘ಡ್ರೋವ್’ ಬರೆದವರು ತಮ್ಮ ಆಯ್ಕೆಯಿಂದ ವಾಕ್ಯದ ಅರ್ಥ ಹೇಗೆ ಬದಲಾಯಿತು ಎಂಬುದನ್ನು ಇಂಗ್ಲಿಷಿನಲ್ಲಿಯೇ ವಿವರಿಸಲಿ. ನೀವು ಕಳೆದುಹೋಯಿತೆಂದು ಹೇಳಿದ ಆ ಅರ್ಧ ತರಗತಿಯೇ, ನನ್ನ ಅನಿಸಿಕೆಯಲ್ಲಿ, ಆ ದಿನದ ಅತ್ಯುತ್ತಮ ಭಾಗವಾಗಿದ್ದಿರಬಹುದು.

ಮಾತಿನಲ್ಲಿ ಪದ ಬಾಯಿಗೆ ಬರುವುದಿಲ್ಲ ಎಂಬ ನಿಮ್ಮ ದೂರಿಗೆ ಕಾರಣ ಬಿಡಿಪದಗಳನ್ನು ಅಳಿಸುತ್ತಿರುವುದೇ ಇರಬೇಕು. ಪದಗಳು ಜೊತೆಗಾರರೊಡನೆ ನೆನಪಿನಲ್ಲಿ ಉಳಿಯುತ್ತವೆ. ‘ಡಿಸಿಷನ್’ ಅನ್ನು ಉಳಿಸಿ ‘ಮೇಕ್’ ಅನ್ನು ಅಳಿಸಿ, ‘ಹೋಂವರ್ಕ್’ ಉಳಿಸಿ ‘ಡು’ ಅಳಿಸಿ, ‘ರೇನ್’ ಉಳಿಸಿ ‘ಹೆವಿ’ ಅಳಿಸಿ. ಕನ್ನಡದಲ್ಲಿ ನಿರ್ಧಾರವನ್ನೂ ಮಾಡುತ್ತೇವೆ, ಮನೆಗೆಲಸವನ್ನೂ ಮಾಡುತ್ತೇವೆ, ತಪ್ಪನ್ನೂ ಮಾಡುತ್ತೇವೆ. ಒಂದೇ ‘ಮಾಡು’ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುವ ಈ ಜಾಗದಲ್ಲಿ ಕನ್ನಡ ಮಾತಾಡುವವರು ಎಡವುವುದು ಸಹಜ. ಹಾಗೆಯೇ ನಮ್ಮ ‘ಅಲ್ಲಿ’ ಪ್ರತ್ಯಯವೊಂದೇ ‘ಇನ್’, ‘ಆನ್’, ‘ಅಟ್’ ಮೂರರ ಕೆಲಸವನ್ನೂ ಮಾಡಿಬಿಡುತ್ತದೆ. ಕಲಿಯುವವರ ಮೊದಲ ಭಾಷೆ ಯಾವುದೇ ಇರಲಿ, ಅದು ಇಂಗ್ಲಿಷಿನಿಂದ ಬೇರೆಯಾಗುವ ಇಂಥ ಬಿರುಕುಗಳಲ್ಲಿಯೇ ಸ್ಥಳ ಬಿಡಬೇಕು.

ಇನ್ನೊಂದು ಉಪಾಯ ನನಗೆ ಬಹಳ ಪ್ರಿಯವಾದದ್ದು: ಏನನ್ನೂ ತುಂಬಬೇಕಾಗಿಲ್ಲದ ಸ್ಥಳ. ‘ವಿ ಡಿಸ್ಕಸ್ಡ್ ____ ದಿ ಪ್ರಾಬ್ಲಂ’ ಎಂಬಲ್ಲಿ ಅನೇಕರು ಕೈ ತಡೆಯದೆ ‘ಅಬೌಟ್’ ಬರೆಯುತ್ತಾರೆ. ಕೆಲವು ಸ್ಥಳಗಳು ಖಾಲಿಯೇ ಉಳಿಯಬಹುದು, ಅಲ್ಲಿ ಒಂದು ಗೀಟು ಎಳೆಯಿರಿ ಎಂದು ಮೊದಲೇ ಸೂಚನೆ ಕೊಟ್ಟಿರಬೇಕು, ಇಲ್ಲವಾದರೆ ಅದು ಮೋಸವಾಗುತ್ತದೆ. ಆರ್ಟಿಕಲ್‌ಗಳ ಪುನರಾವರ್ತನೆಗೆ ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಂಡಿಲ್ಲ.

ಪದದ ಅರ್ಧವನ್ನು ಮಾತ್ರ ಅಳಿಸುವ ‘ಸಿ-ಟೆಸ್ಟ್’ ಕ್ರಮವನ್ನೂ ಪ್ರಯತ್ನಿಸಬಹುದು. 1980ರ ದಶಕದಲ್ಲಿ ಕ್ಲೈನ್-ಬ್ರೇಲಿ ಮತ್ತು ರಾಟ್ಸ್ ಅವರು ಕ್ಲೋಜ್ ವಿಧಾನದ ಕುಂದುಗಳನ್ನು ಗಮನಿಸಿ ರೂಪಿಸಿದ ಇದರಲ್ಲಿ ಎರಡನೆಯ ವಾಕ್ಯದಿಂದ ಆರಂಭಿಸಿ ಒಂದು ಬಿಟ್ಟು ಒಂದು ಪದದ ಉತ್ತರಾರ್ಧವನ್ನು ತೆಗೆಯುತ್ತಾರೆ. ಪರ್ಯಾಯ ಉತ್ತರಗಳ ಕಾಟ ಬಹುತೇಕ ತಪ್ಪುತ್ತದೆ, ಆದರೆ ಹಾಳೆ ಕಣ್ಣಿಗೆ ಹರಕು ಬಟ್ಟೆಯಂತೆ ಕಾಣುವುದರಿಂದ ಆರಂಭದ ಹಂತದವರು ಗಾಬರಿಯಾಗುತ್ತಾರೆ. ಅವರಿಗೆ ನಾನು ಕೊಡುವುದಿಲ್ಲ.

ಸಂಜೆತರಗತಿ

ಇಬ್ಬರಿಗೂ ಧನ್ಯವಾದಗಳು. ಹಾಳೆಯನ್ನು ಕಂಪ್ಯೂಟರ್‌ನಲ್ಲಿ, ಎಚ್‌5ಪಿ (ಆನ್‌ಲೈನ್ ಅಭ್ಯಾಸಗಳನ್ನು ರಚಿಸುವ ತಂತ್ರಾಂಶ) ಬಳಸಿ ಹಾಕಿದಾಗ ಸರಿಯುತ್ತರವೂ ತಪ್ಪೆಂದು ತೋರಿದ ಅನುಭವ ನನಗಾಗಿದೆ. ಅದಕ್ಕೇನಾದರೂ ಮುನ್ನೆಚ್ಚರಿಕೆ ಇದೆಯೇ?

ಉತ್ತರ 3 – ಯಂತ್ರಕ್ಕೂ ಪಾಠ

ಯಂತ್ರ ಅರ್ಥವನ್ನು ನೋಡುವುದಿಲ್ಲ, ಅಕ್ಷರಗಳನ್ನು ಹೋಲಿಸುತ್ತದೆ. ಎಚ್‌5ಪಿಯಲ್ಲಿ ಉತ್ತರವನ್ನು ಎರಡು ನಕ್ಷತ್ರ ಚಿಹ್ನೆಗಳ ನಡುವೆ ಬರೆಯುವಾಗ ಓರೆಗೆರೆ ಹಾಕಿ ಪರ್ಯಾಯಗಳನ್ನೂ, ವಿವರಣ ಚಿಹ್ನೆಯ (:) ನಂತರ ಸುಳಿವನ್ನೂ ಸೇರಿಸಬಹುದು. ‘ಡಿಡ್ ನಾಟ್’ ಮತ್ತು ಅದರ ಸಂಕ್ಷಿಪ್ತ ರೂಪ, ‘ಟ್ರಾವೆಲ್ಡ್’ ಎಂಬುದಕ್ಕೆ ಬ್ರಿಟಿಷರ ಎರಡು ‘ಎಲ್’ ಮತ್ತು ಅಮೆರಿಕನ್ನರ ಒಂದು ‘ಎಲ್’, ಹೀಗೆ ಎಲ್ಲವನ್ನೂ ನೀವೇ ಬರೆದಿಡಬೇಕು. ಹೆಚ್ಚಿನವರ ಗಮನಕ್ಕೆ ಬಾರದಿರುವುದು ಅಪಾಸ್ಟ್ರಫಿ. ಫೋನಿನ ಕೀಲಿಮಣೆಯಲ್ಲಿ ಅದು ಕೆಲವೊಮ್ಮೆ ಬಾಗಿದ ರೂಪದಲ್ಲಿ, ಕಂಪ್ಯೂಟರಿನಲ್ಲಿ ನೇರ ರೂಪದಲ್ಲಿ ಬೀಳುತ್ತದೆ; ಯಂತ್ರಕ್ಕೆ ಅವೆರಡು ಬೇರೆ ಬೇರೆ ಅಕ್ಷರಗಳು. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಲೆಕ್ಕಿಸುವ ಆಯ್ಕೆಯನ್ನು ಅಗತ್ಯವಿಲ್ಲದಿದ್ದರೆ ತೆಗೆದುಬಿಡಿ. ಕಾಗದದ ಮೇಲಾಗಲಿ ಪರದೆಯ ಮೇಲಾಗಲಿ ಎಲ್ಲ ಗೆರೆಗಳ ಉದ್ದ ಒಂದೇ ಇರಲಿ, ಏಕೆಂದರೆ ಪದಕ್ಕೆ ತಕ್ಕಷ್ಟೇ ಗೆರೆ ಎಳೆದರೆ ಅದೇ ಒಂದು ಸುಳಿವಾಗುತ್ತದೆ.

ಸಂಜೆತರಗತಿ

ಈ ಸಲಹೆಗಳಂತೆ ಹೊಸ ಹಾಳೆಯೊಂದನ್ನು ಬರೆದಿದ್ದೇನೆ. ಅದರಲ್ಲಿ ಎರಡು ವಾಕ್ಯಗಳು ಹೀಗಿವೆ. ‘ಹಿ ಹ್ಯಾಸ್ ಬೀನ್ ವರ್ಕಿಂಗ್ ಹಿಯರ್ ____ ತ್ರೀ ಇಯರ್ಸ್.’ ‘ವೆನ್ ವಿ ರೀಚ್ಡ್ ದಿ ಸ್ಟೇಷನ್, ದಿ ಟ್ರೈನ್ ____.’ ಎರಡನೆಯದರ ಮುಂದೆ ಆವರಣದಲ್ಲಿ ‘ಲೀವ್’ ಎಂಬ ಮೂಲರೂಪವನ್ನು ಕೊಟ್ಟಿದ್ದೇನೆ, ‘ಹ್ಯಾಡ್ ಲೆಫ್ಟ್’ ಎಂದು ನಿರೀಕ್ಷಿಸುತ್ತೇನೆ.

ಉತ್ತರ 1 – ಹಳೆಯ ಬೋಧಕ

ಮೊದಲನೆಯದು ಚೆನ್ನಾಗಿದೆ. ಎರಡನೆಯದರಲ್ಲಿ ‘ಲೆಫ್ಟ್’ ಎಂದು ಬರೆದವರೂ ಸರಿ: ನಾವು ತಲುಪಿದೆವು, ಕೂಡಲೇ ರೈಲು ಹೊರಟಿತು ಎಂಬ ಅರ್ಥ ಅದಕ್ಕೆ ಬರುತ್ತದೆ. ‘ವೆನ್’ ಬದಲು ‘ಬೈ ದಿ ಟೈಮ್’ ಎಂದು ಹಾಕಿ, ಸ್ಥಳದ ಪಕ್ಕದಲ್ಲಿ ‘ಆಲ್ರೆಡಿ’ ಎಂಬ ಪದವನ್ನೂ ಸೇರಿಸಿ. ಮುಂದಿನ ವಾಕ್ಯವಾಗಿ ‘ದಿ ಪ್ಲಾಟ್‌ಫಾರ್ಮ್ ವಾಸ್ ಎಂಪ್ಟಿ’ ಎಂದು ಬರೆದರೆ, ನಾವು ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು ಎಂಬ ಒಂದೇ ಅರ್ಥ ಉಳಿಯುತ್ತದೆ.